ಕೈ ಪಳಗಿಲ್ಲ

ಸಂಪತ್ಕುಮಾರ್ ಬೆರಳ ತುದಿಯಿಂದ ತಂತಿಯನ್ನು ಒಮ್ಮೆ ಸವರಿದರು. ವಿಮಾನದ ಎಂಜಿನ್ನಿನ ಬೋಲ್ಟುಗಳು ಹಾರಾಟದಲ್ಲಿ ಸಡಿಲಾಗದಂತೆ ಒಂದಕ್ಕೊಂದು ಹೆಣೆದು ಬಿಗಿಯುವ ತಂತಿ ಅದು. ಅದನ್ನು ಹೆಣೆದ ಮಾನ್ಯ ಪಕ್ಕದಲ್ಲಿ ನಿಂತಿದ್ದಳು.

"ಕೈ ಪಳಗಿಲ್ಲ," ಎಂದರು. "ಮುಂದಿನ ಸಲ ನೋಡೋಣ."

"ಎಲ್ಲಿ ತಪ್ಪಾಗಿದೆ ಸರ್?"

ಅವರು ಮುಂದಿನ ವಿದ್ಯಾರ್ಥಿಯ ಬಳಿ ಹೋದರು. ಅವನು ಹೆಣೆದದ್ದು ಒಂದು ಕಡೆ ಸಡಿಲ, ಇನ್ನೊಂದು ಕಡೆ ಸೊಟ್ಟ. ಅವನನ್ನು ಬೈದರು, ಬಿಚ್ಚಿಸಿದರು, ಮತ್ತೆ ಕಟ್ಟಿಸಿದರು, ಪಾಸು ಮಾಡಿದರು. ಮಾನ್ಯಳಿಗೆ ಬಿಚ್ಚು ಎಂದು ಅವರು ಒಮ್ಮೆಯೂ ಹೇಳಿದವರಲ್ಲ.

ಚನ್ನರಾಯಪಟ್ಟಣದ ಹೊರಗೆ, ಹಾಸನದ ರಸ್ತೆಯಲ್ಲಿ, ಹಿಂದೆ ಕೊಬ್ಬರಿ ಗೋದಾಮಾಗಿದ್ದ ಕಟ್ಟಡದಲ್ಲಿ ಆ ತರಬೇತಿ ಕೇಂದ್ರವಿತ್ತು. ರೆಕ್ಕೆ ಕಳಚಿದ ಹಳೆಯ ವಿಮಾನವೊಂದನ್ನು ಲಾರಿಯಲ್ಲಿ ತಂದು ಒಳಗೆ ನಿಲ್ಲಿಸಿದ್ದರು. ಗೋದಾಮು ಮಾನ್ಯಳ ತಂದೆ ಗಂಗಾಧರಯ್ಯನವರದು. ವಿಮಾನ ರಿಪೇರಿ ಕಲಿಯಬೇಕು, ಬೆಂಗಳೂರಿಗೆ ಕಳಿಸಿ ಎಂದು ಮಗಳು ಹಟ ಹಿಡಿದಾಗ ಅವರು ಗದರಲಿಲ್ಲ. ತರಬೇತಿ ಕೇಂದ್ರ ತೆರೆಯಲು ಜಾಗ ಹುಡುಕುತ್ತಿದ್ದ ಟ್ರಸ್ಟಿನವರಿಗೆ ಗೋದಾಮನ್ನೇ ಬಿಟ್ಟುಕೊಟ್ಟರು. ಅಪ್ಪ ಅಂದರೆ ಇವನಪ್ಪ ಎಂದು ತೆಂಗಿನಕಾಯಿ ಮಂಡಿಯಲ್ಲಿ ಮಾತಾಯಿತು.

ಬರೆಯುವ ಪರೀಕ್ಷೆಗಳನ್ನೆಲ್ಲ ಮಾನ್ಯ ಮೊದಲ ಯತ್ನದಲ್ಲೇ ಮುಗಿಸಿದ್ದಳು. ಆದರೆ ಪ್ರಾಕ್ಟಿಕಲ್ ಪಾಸಾಗದೆ ಕೋರ್ಸು ಮುಗಿಯುವುದಿಲ್ಲ. ಕೋರ್ಸು ಮುಗಿಯದೆ ವಿಮಾನ ರಿಪೇರಿಯ ಯಾವ ಹ್ಯಾಂಗರಿನಲ್ಲೂ ಅನುಭವಕ್ಕೆ ಸೇರಿಸಿಕೊಳ್ಳುವುದಿಲ್ಲ. ಆ ಅನುಭವವಿಲ್ಲದೆ ಲೈಸೆನ್ಸಿಲ್ಲ. ಅವಳ ಜೊತೆ ಸೇರಿದವರು ಆಗಲೇ ಬೆಂಗಳೂರು, ಹೈದರಾಬಾದು ಸೇರಿದ್ದರು.

ಸಂಜೆ ಕರೆದೊಯ್ಯಲು ಬಂದ ಗಂಗಾಧರಯ್ಯ ಮಗಳ ಮುಖ ನೋಡಿಯೇ ತಿಳಿದುಕೊಂಡರು.

"ಓಗ್ಲಿ ಬುಡವ್ವ, ಇನ್ನೊಂದ್ಸಲ ಕೂತ್ಕಂಡ್ರಾಯ್ತು. ಆ ಕೊಣನೂರಿನೋರೂ ಇನ್ನೂ ಕಾಯ್ತಾವ್ರೆ. ಅವಸರ ಮಾಡ್ಬ್ಯಾಡಿ ಅಂತ ನಾನೇ ಅಂದಿವ್ನಿ."

"ಪಾಸಾಗೋವರ್ಗೂ ಮದ್ವೆ ಮಾತು ಬೇಡ ಅಪ್ಪ."

"ಆಯ್ತು ಕಣವ್ವ. ನಾನೇನು ಬಲವಂತ ಮಾಡಿದ್ನಾ?"

ಮಾಡಿರಲಿಲ್ಲ. ಅದಕ್ಕೇ ಅವಳಿಗೆ ಅಪ್ಪನ ಮುಖ ನೋಡಲು ನಾಚಿಕೆಯಾಗುತ್ತಿತ್ತು.

ಮತ್ತೊಮ್ಮೆ ಕೂತಳು. ಮತ್ತೆ ಅದೇ ಮಾತು. ಎಲ್ಲರೂ ಊಟಕ್ಕೆ ಹೋದ ಮೇಲೆ ಸಂಪತ್ಕುಮಾರ್ ಅವಳನ್ನು ವಿಮಾನದ ಮರೆಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು: "ಬೇರೆ ಊರಿಗೆ ಹೋಗಿ ಸೇರ್ಕೊಳಮ್ಮ. ಇಲ್ಲಿ ನಿನಗೆ ಆಗೋದಿಲ್ಲ."

ಅವಳ ಮೈ ಉರಿದುಹೋಯಿತು. ಹೆಣ್ಣೆಂಬ ಕಾರಣಕ್ಕೇ ಇವರು ತನ್ನನ್ನು ಫೇಲು ಮಾಡುತ್ತಿದ್ದಾರೆ. ಇನ್ನು ಅನುಮಾನವೇ ಉಳಿಯಲಿಲ್ಲ. ಟ್ರಸ್ಟಿಗೆ ದೂರು ಕೊಡುತ್ತೇನೆ ಎಂದಾಗ ಗಂಗಾಧರಯ್ಯ ತಡೆದರು.

"ಬ್ಯಾಡ ಕಣವ್ವ. ಪಾಪದ ಮನ್ಸ. ಹೆಂಡ್ತಿ ಮಕ್ಳಿರೋನು."

ಅಪ್ಪನ ಮಾತನ್ನು ಅವಳು ಮೀರಿದ್ದು ಅದೇ ಮೊದಲು.

ಹಾಸನದ ಟ್ರಸ್ಟ್ ಕಚೇರಿಗೆ ಎಲ್ಲರನ್ನೂ ಕರೆಸಿದರು. ಕಾರ್ಯದರ್ಶಿ ಶಾಂತರಾಜು ನೇರವಾಗಿ ಕೇಳಿದರು: "ಈ ಹುಡುಗಿ ಕೆಲಸದಲ್ಲಿ ಏನು ಕೊರತೆ ಸಂಪತ್ಕುಮಾರ್?"

"ಕೊರತೆ ಇಲ್ಲ. ಇಂಥ ಕೈ ನಾನು ಕಂಡಿಲ್ಲ."

"ಮತ್ತೆ ಫೇಲು ಯಾಕೆ?"

ಸಂಪತ್ಕುಮಾರ್ ತಲೆಯೆತ್ತಿದರು. ಮಾನ್ಯಳ ಪಕ್ಕದಲ್ಲಿ ಕೂತಿದ್ದ ಗಂಗಾಧರಯ್ಯನವರನ್ನು ಬಹಳ ಹೊತ್ತು ನೋಡಿದರು. ಗಂಗಾಧರಯ್ಯ ನೆಲ ನೋಡುತ್ತಿದ್ದರು. ಅಪ್ಪ ಸಿಟ್ಟು ನುಂಗಿಕೊಳ್ಳುತ್ತಿದ್ದಾರೆ ಎಂದುಕೊಂಡಳು ಮಾನ್ಯ.

"ತಪ್ಪು ನನ್ನದು," ಎಂದರು ಸಂಪತ್ಕುಮಾರ್.

ಅವರ ಕೆಲಸ ಹೋಯಿತು. ಅಷ್ಟಕ್ಕೇ ಮುಗಿಯಲಿಲ್ಲ. ಹುಡುಗಿಯೊಬ್ಬಳು ಮೇಷ್ಟ್ರ ಮೇಲೆ ದೂರು ಕೊಟ್ಟಳೆಂದರೆ ಒಳಗೆ ಬೇರೆ ಏನೋ ಇರಬೇಕು ಎಂದು ಜನ ಬಾಯಿಗೆ ಬಂದಂತೆ ಆಡಿಕೊಂಡರು. ಹೊಳೆನರಸೀಪುರದಲ್ಲಿ ಅವರ ಮಗಳು ಇಂಚರಳ ಮದುವೆ ಮಾತು ಮುರಿಯಿತು. ಒಮ್ಮೆ ಬಸ್ಸಿನಲ್ಲಿ ಅವರ ಹೆಂಡತಿ ವೇದವತಿ, ಪಕ್ಕ ಕೂತವಳು ಮಾನ್ಯ ಎಂದು ಗೊತ್ತಾದದ್ದೇ ಎದ್ದು, ಹಾಸನದವರೆಗೂ ಕಂಬಿ ಹಿಡಿದು ನಿಂತರು. ಮಾನ್ಯಳಿಗೆ ಒಳಗೆಲ್ಲೋ ಚುರ್ರೆಂದಿತು. ಆದರೆ ತನ್ನ ಬಾಳು ಕೆಡಿಸಹೊರಟವರಿಗೆ ಇಷ್ಟಾದರೂ ಆಗಲಿ ಎಂದು ಕಿಟಕಿಯ ಕಡೆ ತಿರುಗಿದಳು.

ಸಂಪತ್ಕುಮಾರರ ಜಾಗಕ್ಕೆ ಹೊಸದಾಗಿ ಬಂದ ಶರ್ವಾಣಿ ಬೆಂಗಳೂರಿನ ಹ್ಯಾಂಗರಿನಲ್ಲಿ ಕೆಲಸ ಮಾಡಿದವಳು, ಲೈಸೆನ್ಸು ಪಡೆದವಳು. ಮೊದಲ ದಿನವೇ ಮಾನ್ಯಳ ಕೆಲಸ ನೋಡಿ ಉಳಿದವರನ್ನು ಹತ್ತಿರ ಕರೆದಳು. "ತಂತಿ ಹೆಣೆಯೋದು ಅಂದ್ರೆ ಹೀಗೆ. ನೋಡ್ಕೊಳ್ಳಿ." ಆ ಸಂಜೆ ಮಾನ್ಯ ದಾರಿಯುದ್ದಕ್ಕೂ ಮಾತಾಡಿದಳು. ಗಂಗಾಧರಯ್ಯ ಹ್ಞೂಂ ಹ್ಞೂಂ ಎನ್ನುತ್ತ ಸ್ಕೂಟರು ಓಡಿಸಿದರು. ಮಾರನೆಯ ದಿನ ಹೊಸ ಟೀಚರಿಗೆಂದು ಒಂದು ಗೊನೆ ಎಳನೀರು ಇಳಿಸಿಕೊಂಡು, ಅವರೇ ಗೋದಾಮಿಗೆ ಹೋಗಿ ಕೊಟ್ಟು ಬಂದರು.

ಪ್ರಾಕ್ಟಿಕಲ್ಲಿನ ಫಲಿತಾಂಶ ಬಂದಾಗ ಪಾಸಾದವರಲ್ಲಿ ಅವಳಿರಲಿಲ್ಲ. ಫೇಲಾದವರಲ್ಲೂ ಇರಲಿಲ್ಲ.

"ಮೇಡಂ, ನನ್ನ ಹೆಸರು ಬಿಟ್ಟುಹೋಗಿದೆ," ಎಂದಳು ಮಾನ್ಯ.

ಶರ್ವಾಣಿಗೆ ಆಶ್ಚರ್ಯವಾಯಿತು. "ಬಿಟ್ಟುಹೋಗಿಲ್ಲ. ನಾನೇ ಕಳಿಸಿಲ್ಲ. ನಿನಗೆ ಗೊತ್ತಲ್ಲ?"

"ಏನು ಗೊತ್ತು?"

ಶರ್ವಾಣಿ ಕೈಯಲ್ಲಿದ್ದ ಸ್ಪ್ಯಾನರನ್ನು ಮೆಲ್ಲಗೆ ಕೆಳಗಿಟ್ಟಳು.

"ಮದುವೆ ಆಗೋವರೆಗೂ ಪಾಸ್ ಮಾಡ್ಬೇಡಿ, ಮಾಡಿದ್ರೆ ಗೋದಾಮು ಖಾಲಿ ಮಾಡಿ ಅಂತ ಸಂಪತ್ಕುಮಾರ್ ಸರ್‌ಗೆ ಹೇಳಿದ್ದನ್ನೇ ನಿಮ್ಮ ತಂದೆ ನನಗೂ ಹೇಳಿದ್ರು. ನೀನೂ ಒಪ್ಪಿದೀಯ ಅಂದ್ರಲ್ಲ?"