ಹೆರಿಗೆ ತನಕ ತಡ್ಕೋ

ಒಬ್ಬರ ನೋವನ್ನು ಇನ್ನೊಬ್ಬರಿಗೆ ದಾಟಿಸುವ ಕೈಪಟ್ಟಿ ಆಗ ಎಲ್ಲ ಆಸ್ಪತ್ರೆಗಳಲ್ಲೂ ಇತ್ತು. ವೈದ್ಯರು ನಾಡಿ ಹಿಡಿದಷ್ಟೇ ಸಲೀಸಾಗಿ ಅದನ್ನು ಕಟ್ಟಿಕೊಳ್ಳುತ್ತಿದ್ದರು. ಐದು ತಿಂಗಳ ಬಸುರಿ ಗುರುಬಸವ್ವನ ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಕಣ್ಣು ಹಳದಿಯಾಗಿತ್ತು, ಚಳಿಜ್ವರ ಬಂದಿತ್ತು.

“ಎಕ್ಸ್‌-ರೇ ಇಲ್ದ, ಸ್ಕ್ಯಾನ್ ನೋಡ್ಕೋತ ಬಾಯಿಂದ ನಳಿಕೆ ಇಳಿಸಿ ತೆಗಿತೀನಿ. ತಡ ಮಾಡಿದ್ರನ ಕೂಸಿಗೆ ಅಪಾಯ” ಎಂದರು ಡಾಕ್ಟರ್ ಶಾಹೀನ್.

ಆದರೆ ಬಸುರಿಗೆ ಏನಾದರೂ ಆದೀತೆಂಬ ಅಂಜಿಕೆಯಿಂದ ಆಡಳಿತಾಧಿಕಾರಿ ಮುದಕಪ್ಪನವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲಿಲ್ಲ. “ಹೆರಿಗಿ ತನಕ ತಡ್ಕೋ, ತಂಗಿ.”

ಗುರುಬಸವ್ವ ಪಟ್ಟಿಯ ಒಂದು ತುದಿಯನ್ನು ತನ್ನ ಮುಂಗೈಗೆ, ಇನ್ನೊಂದನ್ನು ಅವರ ಮುಂಗೈಗೆ ಬಿಗಿದಳು.

“ನೀವೂ ತಡ್ಕೋರಿ. ನಾಕ ತಿಂಗಳ ಅಷ್ಟ.”

ಮೂರನೆಯ ನಿಮಿಷಕ್ಕೆ ಮುದಕಪ್ಪನವರು ನೆಲಕ್ಕೆ ಕುಸಿದು, ಪೆನ್ನಿಗಾಗಿ ಜೇಬು ತಡಕಾಡಿದರು.

ಸಂಜೆಯೊಳಗೆ ಕಲ್ಲು ಹೊರಬಂತು. ಮರುದಿನ ಜ್ವರ ಇಳಿದಾಗ ಹೊಟ್ಟೆಯೊಳಗೆ ಕೂಸು ಮಿಸುಕಾಡಿತು.

“ಒದಿ ಕೂಸ, ಜೋರಾಗಿ ಒದಿ” ಎಂದು ಗುರುಬಸವ್ವ ನಕ್ಕಳು. “ಸುಮ್ಮನಿರೂದು ಮಾತ್ರ ಕಲೀಬ್ಯಾಡ.”