ಹಲ್ವವಾದ ಬೀಜದ ಕ್ಯಾರೆಟ್

ಮೊಮ್ಮಗಳು ಕ್ಯಾರೆಟ್ ತುರಿದರೆ ಸಾಕು, ಆ ವಾಸನೆಗೆ ನನಗೆ ಈಗಲೂ ಕಸಿವಿಸಿ.

ಬೆಂಗಳೂರಿನ ಕುಕ್ ಟೌನಿನ ನಮ್ಮ ಹಿತ್ತಲಲ್ಲಿ ಅಪ್ಪ ವರ್ಷಗಟ್ಟಲೆ ಕ್ಯಾರೆಟ್ ತಳಿ ತಿದ್ದುತ್ತಿದ್ದರು. ತುದಿ ಕೊಯ್ದು ರುಚಿ ನೋಡಿ, ಸಿಹಿಯಾಗಿ, ಕೆಂಪಗೆ, ನೆಟ್ಟಗಿದ್ದವನ್ನು ಮತ್ತೆ ನೆಟ್ಟು ಬೀಜ ಮಾಡಲೆಂದು ಮರಳಲ್ಲಿ ಹೂತಿಡುತ್ತಿದ್ದರು. ಸೊಟ್ಟಗಿನವು ನಮ್ಮ ಸಾರಿಗೆ. ಅಕ್ಕನಿಗೆ ಗಂಡು ಹುಡುಕುತ್ತಿದ್ದ ವರ್ಷ ಹಳೆಯ ಬೀಜವನ್ನೆಲ್ಲ ಬಿತ್ತಿಯಾಗಿತ್ತು; ತಳಿ ಮುಂದುವರಿಯಲು ಉಳಿದಿದ್ದು ಮರಳಲ್ಲಿದ್ದವು ಮಾತ್ರ.

ಒಂದು ಮಧ್ಯಾಹ್ನ ಅಕ್ಕನನ್ನು ನೋಡಲು ಬಂದವರಿಗೆ ಅಜ್ಜಿ ಕ್ಯಾರೆಟ್ ಹಲ್ವ ಕೊಟ್ಟಳು. ಬಣ್ಣ ನೋಡಿಯೇ ಅಪ್ಪನ ಮುಖ ಬಿಳಿಚಿತು.

"ಅಮ್ಮಾ, ಮರಳಲ್ಲಿದ್ದಿದ್ದಾ?" ಎಂದು ಪಿಸುಗುಟ್ಟಿದರು.

"ಹೂಂ ಕಣೋ. ಒಳ್ಳೇದನ್ನ ಮಣ್ಣಿಗಿಟ್ಟು, ಬೀಗರಾಗೋರಿಗೆ ಸೊಟ್ಟಂದು ಇಡಕ್ಕಾಗುತ್ತಾ?"

ಗಂಡಿನ ತಾಯಿ ಅಕ್ಕನನ್ನು ಮರೆತು ತಟ್ಟೆ ಒಡ್ಡಿದರು. "ಎಂಥ ರುಚಿ ರೀ! ಇನ್ನೊಂಚೂರು ಇದ್ಯಾ?"

ಅಪ್ಪನೇ ಎದ್ದು, ಬಾಣಲೆ ಕೆರೆದು ಬಡಿಸಿದರು.

"ಪೂರ್ತಿ ತಗೊಳ್ಳಿಮ್ಮಾ. ಈ ರುಚಿ ಇನ್ಮೇಲೆ ಸಿಗಲ್ಲ."