ಕೊನೆಯ ತಟ್ಟೆ

ಯಾರ ಕಡೆಯವಳು ಈ ಮುದುಕಿ? ಪರ್ವೇಜ್ ಕಳಿಸಿದವಳೇ ಇರಬೇಕು. ಇರಬೇಕೇನು, ಹೌದು. ಹಾಗಾದರೆ ಹಣೆಯಲ್ಲಿ ಅಷ್ಟಗಲ ಕುಂಕುಮ? ಅದರಲ್ಲೇನು, ಕೂಲಿಗೆ ಕರೆದರೆ ಯಾರಾದರೂ ಬರುತ್ತಾರೆ.

ಕಿಟಕಿಯ ಹೊರಗೆ ನಿಂತು ಸುನೀಲ್‌ಕುಮಾರ್ ಹೀಗೆ ತನ್ನೊಡನೆ ತಾನೇ ವಾದಿಸಿ ಗೆದ್ದ. ಅವನು ಯಾವಾಗಲೂ ಗೆಲ್ಲುತ್ತಿದ್ದ. ಎದುರಾಳಿ ಇರುತ್ತಿರಲಿಲ್ಲ.

ಅದು ಶಿಡ್ಲಘಟ್ಟದ ಹದಿನೆಂಟು ಮನೆಗಳವರು ಕೂಡಿ ನಡೆಸುತ್ತಿದ್ದ ಶಿಶುವಿಹಾರ. ಟೀಚರ್ ಒಬ್ಬಳೇ, ತನುಜ. ಉಳಿದದ್ದೆಲ್ಲ ಹೆತ್ತವರ ಸರದಿ: ಅಡುಗೆ, ಬಡಿಸುವುದು, ಮೂಗು ಒರೆಸುವುದು. ಸುನೀಲ್‌ಕುಮಾರ್ ಅಧ್ಯಕ್ಷ. ಪಿಯು ಕಾಲೇಜಿನಲ್ಲಿ ಉಪನ್ಯಾಸಕ; ಮನೆಯಲ್ಲೂ ಅದೇ. ಮಕ್ಕಳ ಕಲಿಕೆಯಲ್ಲಿ ಪೋಷಕರ ಪಾತ್ರ ಎಂಬ ವಿಷಯವಾಗಿ ಚಿಂತಾಮಣಿಯವರೆಗೂ ಹೋಗಿ ಭಾಷಣ ಮಾಡಿ ಬಂದಿದ್ದ. ಅವನು ಬಂದ ಮೇಲೆ ಎರಡು ನಿಯಮ ಹುಟ್ಟಿದ್ದವು. ಅಧ್ಯಕ್ಷನ ಮನೆಗೆ ಸರದಿ ಇಲ್ಲ; ಅವನಿಗೆ ಮೇಲ್ವಿಚಾರಣೆಯ ಹೊರೆ ಇದೆ. ಶಾಲೆಯೊಳಗೆ ಯಾವ ಮಗುವೂ ಯಾರನ್ನೂ ಅಪ್ಪ, ಅಮ್ಮ ಎಂದು ಕರೆಯಬಾರದು. ಉಳಿದ ಮಕ್ಕಳಿಗೆ ಬೇಜಾರಾಗುತ್ತದೆ.

ಮೇಲ್ವಿಚಾರಣೆ ಎಂದರೆ ಮಧ್ಯಾಹ್ನದ ಬಿಡುವಿನಲ್ಲಿ ಬೈಕ್ ನಿಲ್ಲಿಸಿ ಕಿಟಕಿಯಲ್ಲಿ ಇಣುಕುವುದು.

ಈ ತಿಂಗಳ ಬುಧವಾರಗಳು ಪರ್ವೇಜ್‌ನ ಸರದಿ. ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವವನು. ಮಗಳು ಅಂಬರೀನ್ ಇಲ್ಲಿಗೆ ಬರುತ್ತಾಳೆ. ಆದರೆ ಮೂರು ಬುಧವಾರಗಳಿಂದ ಮಕ್ಕಳಿಗೆ ಬಡಿಸುತ್ತಿದ್ದವಳು ದಿಬ್ಬೂರಹಳ್ಳಿ ಬಸ್ಸಿನಿಂದ ಇಳಿದು ಬರುವ ಈ ಅಕ್ಕಯ್ಯಮ್ಮ. ಅಡುಗೆಮನೆಯ ಬಾಗಿಲಲ್ಲಿ ಬೆಂದ ಗೂಡಿನ ವಾಸನೆ ಬೇರೆ. ಇನ್ನೇನು ಸಾಕ್ಷಿ ಬೇಕು? ಮುದುಕಿಯನ್ನೇ ಕೇಳಬಹುದಿತ್ತು. ಅದು ಅಧ್ಯಕ್ಷನ ಘನತೆಗೆ ತಕ್ಕುದಲ್ಲ.

ಅದಕ್ಕಿಂತ ಅವನನ್ನು ಕೆರಳಿಸಿದ್ದು ಇನ್ನೊಂದು. ಮುದುಕಿ ಎಲ್ಲ ತಟ್ಟೆಗಳಿಗೂ ಬಡಿಸಿ ಕಟ್ಟಕಡೆಗೆ ಅವನ ಮಗಳು ಅಮೃತಳ ಹತ್ತಿರ ಬರುತ್ತಿದ್ದಳು. ಪ್ರತಿ ಬುಧವಾರವೂ.

"ಇವತ್ತು ನಂಗೇ ಲಾಸ್ಟು!" ಆ ಸಂಜೆ ಅಮೃತ ಮನೆಯಲ್ಲಿ ಕುಣಿದಳು. "ನಿನ್ನೆ ವೇಣು ಲಾಸ್ಟು. ಅವರಮ್ಮ ಬಂದಿದ್ರು."

ಸುನೀಲ್‌ಕುಮಾರ್ ಮೊದಲ ಮಾತನ್ನಷ್ಟೇ ಕೇಳಿಸಿಕೊಂಡ. "ನೋಡಿದ್ಯಾ? ಅಧ್ಯಕ್ಷನ ಮಗಳು ಅಂತ ಬೇಕಂತ್ಲೇ ಮಾಡ್ತಾಳೆ ಆ ಮುದುಕಿ."

ಹೆಂಡತಿ ಸೌಜನ್ಯಳ ಕೈ ಸೊಪ್ಪಿನ ಕಟ್ಟಿನ ಮೇಲೆ ನಿಂತಿತು. "ಮಗು ಖುಷಿಯಾಗಿದಾಳಲ್ಲ, ಬಿಡ್ರಿ."

"ನಿಂಗೆ ಇವೆಲ್ಲ ಅರ್ಥ ಆಗಲ್ಲ."

ಅವಳು ಮತ್ತೆ ಸೊಪ್ಪು ಸೋಸತೊಡಗಿದಳು. ಆ ಮನೆಯಲ್ಲಿ ಮಾತು ಮುಗಿಯುತ್ತಿದ್ದುದು ಹಾಗೆಯೇ.

ಭಾನುವಾರ ಸಭೆ, ಮನೆಗೊಬ್ಬರಂತೆ ಬಂದಿದ್ದರು. ಅಧ್ಯಕ್ಷ ಮೂರನೆಯ ನಿಯಮವನ್ನು ತಾನೇ ಬರೆದು ತಂದಿದ್ದ: ಸರದಿಗೆ ಬದಲಿ ಆಳು ಕಳಿಸಿದ ಮನೆಯ ಮಗುವಿಗೆ ಇಲ್ಲಿ ಜಾಗವಿಲ್ಲ. ಎಲ್ಲರೂ ಕೈ ಎತ್ತಿದರು. ಬೇಗ ಎತ್ತಿದರೆ ಬೇಗ ಮನೆಗೆ ಹೋಗಬಹುದಿತ್ತು.

"ಪರ್ವೇಜ್, ಬುಧವಾರ ನಿಮ್ಮದು. ಒಂದು ದಿನಾನೂ ನಿಮ್ಮ ಮುಖ ನೋಡಿಲ್ಲ ನಾನು."

"ನೀವು ನೋಡಿಲ್ಲ ಸಾರ್. ನಿಜ."

"ಮತ್ತೆ ಆ ಮುದುಕೀನ ಯಾರು ಕಳಿಸಿದ್ದು?"

ತನುಜ ಎದ್ದು ನಿಂತಳು. "ಸಾರ್, ಅದು ಆಮೇಲೆ ನಾವಿಬ್ರೇ..."

"ಬೇಡ ಟೀಚರ್," ಎಂದ ಪರ್ವೇಜ್. ಅವನು ಗೋಡೆಯ ಕಡೆ ನೋಡುತ್ತಿದ್ದ. ಅಲ್ಲಿ ಒಂದೇ ಮೊಳೆಗೆ ಎರಡು ಪುಟ್ಟ ಚೀಲ ತೂಗುತ್ತಿದ್ದವು. ಅಂಬರೀನ್ ಮತ್ತು ಅಮೃತ ಬೇರೆ ಮೊಳೆಗೆ ಹಾಕಲು ಬಿಡುತ್ತಿರಲಿಲ್ಲ. "ರೂಲು ಆಗೋಯ್ತು. ಯಾವುದಾದ್ರೂ ಒಂದು ಮಗು ಹೋಗ್ಲೇಬೇಕಲ್ಲ ಸಾರ್. ನಮ್ಮದೇ ಹೋಗ್ಲಿ."

ಅವನು ಎದ್ದು ಒಂದು ಚೀಲ ತೆಗೆದುಕೊಂಡು ಹೊರಟ. ಒಪ್ಪಿಕೊಂಡನಲ್ಲ, ಅಷ್ಟಾದರೂ ನಾಚಿಕೆ ಇದೆಯಲ್ಲ ಎಂದುಕೊಂಡ ಸುನೀಲ್‌ಕುಮಾರ್. ಶಿಸ್ತಿನ ಬಗ್ಗೆ ಹತ್ತು ನಿಮಿಷ ಮಾತಾಡಿದ.

ಬುಧವಾರ ಮಧ್ಯಾಹ್ನ ಮುದುಕಿಯಿಲ್ಲದ ಶಾಲೆಯನ್ನು ನೋಡಿ ಸಂತೋಷಪಡಲು ಅವನು ಕಿಟಕಿಗೆ ಬಂದ. ಅಡುಗೆಮನೆಯಲ್ಲಿ ಗೂಡಿನ ವಾಸನೆ ಇರಲಿಲ್ಲ. ಮುದುಕಿ ಇದ್ದಳು. ಸೌಟು ಹಿಡಿದು ಸಾಲಿನ ಉದ್ದಕ್ಕೂ ಬಡಿಸುತ್ತ ಬರುತ್ತಿದ್ದಳು.

ಘನತೆ ಮರೆತುಹೋಯಿತು. "ಏ ಅಜ್ಜಿ, ನಿನ್ನ ಮಗು ಹೋಯ್ತಲ್ಲ. ಇನ್ಯಾಕೆ ಬಂದೆ?"

"ಎಲ್ಲೋಯ್ತಪ್ಪ? ಇಲ್ಲೇ ಕೂತದಲ್ಲ."

ಸೌಟು ಸಾಲಿನ ಕೊನೆಗೆ ತಿರುಗಿತು. ಖಾಲಿ ತಟ್ಟೆಯ ಮುಂದೆ ಅಮೃತ. ಕಿಟಕಿಯಲ್ಲಿ ಅಪ್ಪನನ್ನು ಕಂಡು ಅವಳ ಬಾಯಿ ತೆರೆಯಿತು; ನಿಯಮ ನೆನಪಾಗಿ ಮುಚ್ಚಿತು.

"ಇವರಮ್ಮ ಸೌಜನ್ಯಮ್ಮ ನಂಗೆ ಬೇಕಾದೋಳು," ಎಂದಳು ಅಕ್ಕಯ್ಯಮ್ಮ. "ಎಲ್ಲರ ಮನೇಯೋರೂ ಬರ್ತಾರೆ, ನಮ್ಮನೇಯೋರೇ ಬರಲ್ಲ ಅಂತ ಮಗು ದಿನಾ ಅಳ್ತಿತ್ತಂತೆ. ಅವಳು ಬಂದು ಬಡಿಸಿದ್ರೆ ಗಂಡನ ಮರ್ಯಾದೆ ಹೋಗುತ್ತಂತೆ. ಅದಕ್ಕೇ ನೀನಾದ್ರೂ ಹೋಗಮ್ಮ ಅಂದ್ಲು. ಅಡುಗೆ ಎಲ್ಲ ಆ ಪರ್ವೇಜಪ್ಪ ಬೆಳಿಗ್ಗೇನೇ ಮಾಡಿಟ್ಟು ಗೂಡಿನ ಮಾರ್ಕೆಟ್‌ಗೆ ಹೋಗೋರು. ಇವತ್ತು ಯಾಕೋ ಬರಲಿಲ್ಲ, ಪಾಪ, ಟೀಚರಮ್ಮನೇ ಅನ್ನ ಇಟ್ರು."

ಅವಳು ಬಗ್ಗಿ ಕೊನೆಯ ತಟ್ಟೆಗೆ ಬಡಿಸಿದಳು. "ಸರದಿಗೆ ಬಂದೋರು ತಮ್ಮ ಮಗೂಗೇ ಕೊನೇಲಿ ಹಾಕ್ಬೇಕಂತೆ, ಇಲ್ಲಿ ಹಂಗೆ ಪದ್ಧತಿ. ಇದಕ್ಕೆ ಅಪ್ಪನೂ ಇದಾನಂತಪ್ಪ. ಒಂದಿನಾನೂ ಬಂದು ಒಂದು ಸೌಟು ಬಡಿಸಿಲ್ಲ. ಇರ್ಲಿ, ನೀನು ಯಾವ ಮಗು ಕಡೆಯೋನಪ್ಪ?"

ಅಮೃತಳ ಅಪ್ಪ ನಾನೇ ಎಂದು ಸುನೀಲ್‌ಕುಮಾರ್ ಅವಳಿಗೆ ಹೇಳಲಿಲ್ಲ. ತಪ್ಪಾಯಿತು ಎಂದು ಆಮೇಲೆ ಪರ್ವೇಜ್‌ಗೂ ಹೇಳಲಿಲ್ಲ.